ಕೆಲ್ಲಿ ಅಮಾಂಟಿ ಹಿಲ್ಲರ್: ಎಂಟು ಪ್ರಶಸ್ತಿಗಳು ಮತ್ತು ನಡುವಿನ ಹನ್ನೊಂದು ವರ್ಷಗಳು

ಇವಾನ್‌ಸ್ಟನ್ ವಾಸಿ:

ಎಲ್ಲರಿಗೂ ನಮಸ್ಕಾರ. ಹದಿಮೂರು ತುಂಬಿದ ನನ್ನ ಮಗಳು ಹೋದ ವರ್ಷ ಇದ್ದಕ್ಕಿದ್ದಂತೆ ಲ್ಯಾಕ್ರೋಸ್ ಕಲಿಯಬೇಕೆಂದು ಹಟ ಹಿಡಿದಳು. ಸೇರಿಸಲು ಹೋದ ಕಡೆಯಲ್ಲಿ, ಉಳಿದ ಮಕ್ಕಳು ಆರನೆಯ ವಯಸ್ಸಿನಿಂದಲೇ ಸ್ಟಿಕ್ ಹಿಡಿದವರು, ಈಗ ಬಂದರೆ ತಡವಾಯಿತು ಎಂದು ಹೇಳಿ ನಯವಾಗಿಯೇ ವಾಪಸು ಕಳುಹಿಸಿದರು. ಮನೆಗೆ ಬಂದು, ನಮ್ಮೂರಿನಲ್ಲೇ ಇರುವ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಮಹಿಳಾ ತಂಡದ ಬಗ್ಗೆ ಓದಲು ಕುಳಿತೆ. ಓದುತ್ತಾ ಹೋದಂತೆ ಆ ತಂಡದ ಕೋಚ್ ಕೆಲ್ಲಿ ಅಮಾಂಟಿ ಹಿಲ್ಲರ್ ಅವರ ವೃತ್ತಿಜೀವನವೇ ನನ್ನನ್ನು ಹಿಡಿದು ಕೂರಿಸಿತು. ಅದನ್ನು ಇಲ್ಲಿ ಬರೆದು ನಿಮ್ಮೆಲ್ಲರ ಅಭಿಪ್ರಾಯ ಕೇಳೋಣವೆನಿಸಿತು.

ಮ್ಯಾಸಚೂಸೆಟ್ಸ್ ರಾಜ್ಯದ ಹಿಂಗಮ್ ಎಂಬ ಊರಿನ ಈಕೆಯ ಅಣ್ಣ ಟೋನಿ ಅಮಾಂಟಿ ಹೆಸರಾಂತ ಐಸ್ ಹಾಕಿ ಆಟಗಾರ. ಕೆಲ್ಲಿ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಪರವಾಗಿ ಆಡಿದರು. 1995 ಮತ್ತು 1996ರಲ್ಲಿ ಒಂದೂ ಪಂದ್ಯ ಸೋಲದೆ ರಾಷ್ಟ್ರೀಯ ಪ್ರಶಸ್ತಿ ಗೆದ್ದ ತಂಡದಲ್ಲಿ ಅವರಿದ್ದರು. ಆಮೇಲೆ ಪೂರ್ವ ಕರಾವಳಿಯ ಕಾಲೇಜುಗಳಲ್ಲಿ ಕೆಲವು ವರ್ಷ ಸಹಾಯಕ ಕೋಚ್ ಆಗಿ ದುಡಿದು, ಇನ್ನೂ ಮೂವತ್ತು ತುಂಬುವ ಮೊದಲೇ, 2000ದಲ್ಲಿ ನಾರ್ತ್‌ವೆಸ್ಟರ್ನ್‌ಗೆ ಬಂದರು. ಬಂದಾಗ ಇಲ್ಲಿ ತಂಡವೇ ಇರಲಿಲ್ಲ. ಇದ್ದ ತಂಡವನ್ನು ವಿಶ್ವವಿದ್ಯಾಲಯ 1992ರಲ್ಲೇ ಮುಚ್ಚಿತ್ತು, ಉಳಿದಿದ್ದುದು ವಿದ್ಯಾರ್ಥಿನಿಯರು ಹವ್ಯಾಸಕ್ಕೆಂದು ನಡೆಸುತ್ತಿದ್ದ ಕ್ಲಬ್ ಮಾತ್ರ. ಅಧಿಕೃತ ತಂಡ ಮತ್ತೆ ಅಂಕಣಕ್ಕಿಳಿದದ್ದು 2002ರಲ್ಲಿ. ಆ ವರ್ಷ 5 ಗೆಲುವು, 10 ಸೋಲು.

ಆಟಗಾರ್ತಿಯರು ಸಾಲದೆ ಹೋದಾಗ ಅವರು ಕ್ಯಾಂಪಸ್ಸಿನಲ್ಲಿ ಓಡುತ್ತಿದ್ದ, ಮೈಕಟ್ಟು ಚೆನ್ನಾಗಿದ್ದ ಹುಡುಗಿಯರನ್ನು ಕರೆದು ಕೇಳಿದರಂತೆ. ಹಾಗೆ ಸಿಕ್ಕವರಲ್ಲಿ ಕೋಸ್ಟರ್ ಎಂಬ ಅವಳಿ ಸಹೋದರಿಯರಿದ್ದರು, ಅವರು ಅದಕ್ಕೆ ಮುಂಚೆ ಲ್ಯಾಕ್ರೋಸ್ ಸ್ಟಿಕ್ಕನ್ನು ಕೈಯಲ್ಲಿ ಹಿಡಿದವರೇ ಅಲ್ಲ. 2005ರಲ್ಲಿ ಅದೇ ತಂಡ ಆಡಿದ 21 ಪಂದ್ಯಗಳನ್ನೂ ಗೆದ್ದಿತು, ಅನಾಪೊಲಿಸ್‌ನಲ್ಲಿ ನಡೆದ ಫೈನಲ್‌ನಲ್ಲಿ ಹಿಂದಿನ ವರ್ಷದ ಚಾಂಪಿಯನ್ ವರ್ಜೀನಿಯಾವನ್ನು 13–10ರಿಂದ ಸೋಲಿಸಿತು. ಪೂರ್ವ ಕರಾವಳಿಯ ಕಾಲವಲಯದ ಹೊರಗಿನ ಊರೊಂದರ ತಂಡ ಈ ಪ್ರಶಸ್ತಿ ಗೆದ್ದದ್ದು ಅದೇ ಮೊದಲು. ನಾರ್ತ್‌ವೆಸ್ಟರ್ನ್ ಪಾಲಿಗೆ ಯಾವುದೇ ಆಟದಲ್ಲಿ 1941ರ ಕತ್ತಿವರಸೆಯ ನಂತರ ಬಂದ ಮೊದಲ ರಾಷ್ಟ್ರೀಯ ತಂಡ ಪ್ರಶಸ್ತಿಯೂ ಅದೇ. ಅಲ್ಲಿಂದ 2009ರವರೆಗೆ ಸತತ ಐದು, ಮತ್ತೆ 2011, 2012. ಅನಂತರ ಹನ್ನೊಂದು ವರ್ಷ ಏನೂ ಇಲ್ಲ. 2023ರಲ್ಲಿ ಎಂಟನೆಯದು.

ನನ್ನ ಪ್ರಶ್ನೆ ಇಷ್ಟೇ. ಈ ಕೋಚ್‌ನ ನಿಜವಾದ ಸಾಧನೆ ಯಾವುದು? ಸತತ ಐದು ಪ್ರಶಸ್ತಿಗಳೋ, ಅಥವಾ ಬರಗಾಲದ ಆ ಹನ್ನೊಂದು ವರ್ಷಗಳನ್ನು ದಾಟಿ ಮತ್ತೊಮ್ಮೆ ಗೆದ್ದದ್ದೋ? ನನ್ನ ಒಲವು ಎರಡನೆಯದರ ಕಡೆಗಿದೆ.

ಸುಮ್ಮನೆ ಓದುವವ:

ಬರಹ ಚೆನ್ನಾಗಿದೆ. ಆದರೆ ಮೈಸೂರಿನಲ್ಲಿ ಕುಳಿತಿರುವ ನನ್ನಂಥವರಿಗೆ ಲ್ಯಾಕ್ರೋಸ್ ಎಂದರೆ ಬಲೆ ಕಟ್ಟಿದ ಕೋಲು ಎನ್ನುವುದಕ್ಕಿಂತ ಹೆಚ್ಚೇನೂ ತಿಳಿಯದು. ಆಟದ ಪರಿಚಯ ಸ್ವಲ್ಪ ಮಾಡಿಕೊಟ್ಟರೆ ಮುಂದಿನ ಚರ್ಚೆ ಅರ್ಥವಾದೀತು.

ಬಾಲ್ಟಿಮೋರ್ ಕನ್ನಡತಿ:

ಈ ಆಟದ ತವರು ಎನ್ನಬಹುದಾದ ಊರಿನಲ್ಲಿ ಹದಿನೆಂಟು ವರ್ಷಗಳಿಂದ ಇದ್ದೇನೆ, ಆದ್ದರಿಂದ ನಾನೇ ಹೇಳುತ್ತೇನೆ. ಮೂಲದಲ್ಲಿ ಇದು ಉತ್ತರ ಅಮೆರಿಕದ ಮೂಲನಿವಾಸಿಗಳ ಆಟ. ಹೋಡೆನೊಷೋನಿ ಜನರಿಗೆ ಇದು ಇಂದಿಗೂ ಸೃಷ್ಟಿಕರ್ತನಿಗೆ ಪ್ರಿಯವಾದ, ಪೂಜೆಗೆ ಸಮನಾದ ಆಟ. ಕಾಲೇಜು ಲ್ಯಾಕ್ರೋಸ್‌ನ ಅತಿ ದೊಡ್ಡ ವೈಯಕ್ತಿಕ ಪ್ರಶಸ್ತಿಗೆ ಇಟ್ಟಿರುವ ಟೆವಾರಟನ್ ಎಂಬ ಹೆಸರು ಕೂಡ ಈ ಆಟಕ್ಕೆ ಮೊಹಾಕ್ ಭಾಷೆಯಲ್ಲಿರುವ ಹೆಸರೇ.

ಮಹಿಳೆಯರ ಆಟದಲ್ಲಿ ಗೋಲ್‌ಕೀಪರ್ ಸೇರಿ ಒಂದು ಕಡೆಗೆ ಹನ್ನೆರಡು ಮಂದಿ ಇರುತ್ತಾರೆ. ಪುರುಷರ ಆಟದಲ್ಲಿ ಮೈಗೆ ಮೈ ಡಿಕ್ಕಿ ಹೊಡೆಯುವುದಕ್ಕೆ ಅವಕಾಶವಿದೆ, ಮಹಿಳೆಯರ ಆಟದಲ್ಲಿ ಇಲ್ಲ. ಸ್ಟಿಕ್ಕಿನ ತುದಿಯ ಬಲೆಯೂ ಪುರುಷರದ್ದರಷ್ಟು ಆಳವಾಗಿರುವುದಿಲ್ಲ. ಹಾಗಾಗಿ ಓಡುವಾಗ ಚೆಂಡು ಬೀಳದಂತೆ ಮಣಿಕಟ್ಟನ್ನು ತೊಟ್ಟಿಲಿನಂತೆ ತೂಗುತ್ತಲೇ ಇರಬೇಕು. ಇದು ನೋಡಲು ಸುಲಭ, ಮಾಡಲು ಕಷ್ಟ. ಪ್ರತಿ ಗೋಲಿನ ನಂತರ ಮೈದಾನದ ನಡುವೆ ಇಬ್ಬರು ಎದುರುಬದುರು ನಿಂತು ಸೊಂಟಕ್ಕಿಂತ ಮೇಲೆ ಸ್ಟಿಕ್‌ಗಳನ್ನು ಬೆನ್ನಿಗೆ ಬೆನ್ನು ಕೊಟ್ಟಂತೆ ಹಿಡಿಯುತ್ತಾರೆ. ನಡುವೆ ಚೆಂಡಿಟ್ಟು ಸೀಟಿ ಊದಿದೊಡನೆ ಅದನ್ನು ತಲೆಗಿಂತ ಎತ್ತರಕ್ಕೆ ಚಿಮ್ಮಿಸುತ್ತಾರೆ. ಇದಕ್ಕೆ ಡ್ರಾ ಎಂದು ಹೆಸರು. ಗೋಲು ಬಿಟ್ಟುಕೊಟ್ಟ ತಂಡಕ್ಕೇ ಚೆಂಡು ಸಿಗಬೇಕೆಂಬ ನಿಯಮವಿಲ್ಲ. ಹೀಗಾಗಿ ಡ್ರಾ ಗೆಲ್ಲುವ ತಂಡವು ಎದುರಾಳಿಗೆ ಚೆಂಡು ಮುಟ್ಟಲೂ ಬಿಡದೆ ಸಾಲಾಗಿ ನಾಲ್ಕೈದು ಗೋಲು ಹೊಡೆಯಬಹುದು. ಈ ಆಟದಲ್ಲಿ ಯಾವ ಮುನ್ನಡೆಯೂ ಭದ್ರವಲ್ಲ ಎನ್ನುವುದಕ್ಕೆ ಮುಖ್ಯ ಕಾರಣ ಇದೇ.

ಇವಾನ್‌ಸ್ಟನ್ ವಾಸಿಯವರು ಬಿಟ್ಟುಬಿಟ್ಟ ಒಂದು ಕೊಂಡಿ ಇದೆ. ಮೇರಿಲ್ಯಾಂಡ್‌ನಲ್ಲಿ ಕೆಲ್ಲಿಗೆ ಕಲಿಸಿದವರು ಸಿಂಡಿ ಟಿಮ್ಚಲ್. ಅವರು ಮೇರಿಲ್ಯಾಂಡ್‌ಗೆ ಬರುವ ಮೊದಲು, 1980ರ ದಶಕದಲ್ಲಿ, ನಾರ್ತ್‌ವೆಸ್ಟರ್ನ್‌ನ ಕೋಚ್ ಆಗಿದ್ದವರೇ. ಅವರು ಬಿಟ್ಟುಹೋದ ಸ್ವಲ್ಪ ಸಮಯದಲ್ಲೇ ಆ ತಂಡ ಮುಚ್ಚಿತು. ಗುರು ಬಿಟ್ಟು ಬಂದ ಮನೆಗೆ ಶಿಷ್ಯೆ ಹೋಗಿ ದೀಪ ಹಚ್ಚಿದಂತಾಯಿತು. ಟಿಮ್ಚಲ್ ಮೇರಿಲ್ಯಾಂಡ್‌ನಲ್ಲಿ ಗೆದ್ದದ್ದು 1992ರಲ್ಲಿ ಒಂದು, 1995ರಿಂದ 2001ರವರೆಗೆ ಸತತ ಏಳು, ಒಟ್ಟು ಎಂಟು. ಶಿಷ್ಯೆಯದೂ ಈಗ ಎಂಟೇ.

ಇನ್ನೊಂದು ಮಾತು. ಆ ಸತತ ಏಳರ ಕಾಲದಲ್ಲಿ ಟಿಮ್ಚಲ್ ಅವರ ಸಹಾಯಕರಾಗಿದ್ದವರು ಗ್ಯಾರಿ ಗೇಟ್. ಪುರುಷರ ಆಟದ ಸಾರ್ವಕಾಲಿಕ ಶ್ರೇಷ್ಠರಲ್ಲಿ ಒಬ್ಬರು. ಬೆನ್ನ ಹಿಂದಿನಿಂದ ಪಾಸ್ ಕೊಡುವುದು, ಎರಡೂ ಕೈಯಲ್ಲಿ ಸಮನಾಗಿ ಹೊಡೆಯುವುದು ಮುಂತಾದ ಕೈಚಳಕಗಳು ಮಹಿಳೆಯರ ಆಟಕ್ಕೆ ಒಗ್ಗುವುದಿಲ್ಲ ಎಂದು ನಂಬಿದ್ದ ಕಾಲದಲ್ಲಿ ಅವುಗಳನ್ನು ಹುಡುಗಿಯರಿಗೆ ಕಲಿಸಿದವರು. ಕೆಲ್ಲಿಯ ತಂಡಗಳು ಪೂರ್ವದ ತಂಡಗಳಿಗಿಂತ ಬೇರೆಯೇ ರೀತಿಯಲ್ಲಿ ಆಡುತ್ತಿದ್ದವು ಎಂದು ಜನ ಬೆರಗಾಗುತ್ತಿದ್ದುದರ ಬೇರು ಅಲ್ಲಿದೆ ಎಂಬುದು ನನ್ನ ಎಣಿಕೆ.

ಅಂಕಿಸಂಖ್ಯೆ:

ಎಲ್ಲರೂ ಗೆದ್ದೆತ್ತಿನ ಬಾಲ ಹಿಡಿಯುತ್ತಿರುವುದರಿಂದ ನಾನು ಸ್ವಲ್ಪ ಎದುರು ದಿಕ್ಕಿನಿಂದ ಬರುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ನಾರ್ತ್‌ವೆಸ್ಟರ್ನ್ ಬಡ ಶಾಲೆಯಲ್ಲ. ಷಿಕಾಗೊ ಪಕ್ಕದಲ್ಲಿ, ಮಿಷಿಗನ್ ಸರೋವರದ ದಂಡೆಯಲ್ಲಿ, ದೇಶದ ಅಗ್ರ ವಿದ್ಯಾಸಂಸ್ಥೆಗಳ ಸಾಲಿನಲ್ಲಿ ನಿಲ್ಲುವ ಶ್ರೀಮಂತ ಖಾಸಗಿ ವಿಶ್ವವಿದ್ಯಾಲಯ. ಅಲ್ಲಿನ ಪದವಿಯ ಆಸೆಗೇ ಎಷ್ಟೋ ಪ್ರತಿಭಾವಂತ ಹುಡುಗಿಯರು ಬರುತ್ತಾರೆ. ಎರಡನೆಯದಾಗಿ, 2014ರವರೆಗೆ ಆ ತಂಡ ಆಡುತ್ತಿದ್ದ ಅಮೆರಿಕನ್ ಲ್ಯಾಕ್ರೋಸ್ ಕಾನ್ಫರೆನ್ಸ್ (ಕಾನ್ಫರೆನ್ಸ್ ಎಂದರೆ ತಮ್ಮತಮ್ಮಲ್ಲೇ ಆಡುವ ಕಾಲೇಜು ತಂಡಗಳ ಒಕ್ಕೂಟ), ಪೂರ್ವ ಕರಾವಳಿಯ ಕಾನ್ಫರೆನ್ಸ್‌ಗಳಷ್ಟು ಗಟ್ಟಿಯಾಗಿರಲಿಲ್ಲ. ಮೂರನೆಯದಾಗಿ, ಕೆಲ್ಲಿಯ ತಂಡ ಅಂಕಣಕ್ಕಿಳಿದ ಹೊತ್ತಿಗೆ ಸರಿಯಾಗಿ ಟಿಮ್ಚಲ್ ಅವರ ಮೇರಿಲ್ಯಾಂಡ್‌ನ ಏಳು ವರ್ಷಗಳ ಆಳ್ವಿಕೆ ಮುಗಿದಿತ್ತು. ಸಿಂಹಾಸನ ಖಾಲಿಯಾಗಿತ್ತು.

ಉಳಿದವರು ಎಚ್ಚೆತ್ತ ಮೇಲೆ ಏನಾಯಿತು ನೋಡಿ. 2009ರಲ್ಲಿ ನಾರ್ತ್ ಕ್ಯಾರೊಲೈನಾವನ್ನು ಫೈನಲ್‌ನಲ್ಲಿ 21–7ರಿಂದ ಧೂಳೀಪಟ ಮಾಡಿದ್ದ ತಂಡ, ಮರುವರ್ಷವೇ ಮೇರಿಲ್ಯಾಂಡ್ ಎದುರು 13–11ರಿಂದ ಸೋತಿತು. 2011ರಲ್ಲಿ ಗೆದ್ದದ್ದು 8–7ರ ಒಂದೇ ಗೋಲಿನ ಅಂತರದಿಂದ, 2012ರಲ್ಲಿ ಸಿರಕ್ಯೂಸ್ ಎದುರು 8–6. 2015ರಿಂದ 2018ರವರೆಗೆ ಸೆಮಿಫೈನಲ್‌ಗೂ ಬರಲಿಲ್ಲ. ಇದು ಮಹಾ ಕೋಚ್‌ನ ಕಥೆಯೋ, ಸರಿಯಾದ ಸಮಯಕ್ಕೆ ಸರಿಯಾದ ಜಾಗದಲ್ಲಿದ್ದವರ ಕಥೆಯೋ ಎಂಬ ಅನುಮಾನ ನನಗಿದೆ.

ಇವಾನ್‌ಸ್ಟನ್ ವಾಸಿ:

ಅನುಮಾನ ನ್ಯಾಯವಾದದ್ದೇ, ಆದರೆ ನಿಮ್ಮ ಮೊದಲ ಅಂಶವನ್ನು ನಾನು ಒಪ್ಪಲಾರೆ. ಹಣವೊಂದೇ ಸಾಕಾಗಿದ್ದರೆ ವಿಶ್ವವಿದ್ಯಾಲಯವು ಆ ತಂಡವನ್ನು ಮುಚ್ಚಬೇಕಾಗಿಯೇ ಇರಲಿಲ್ಲ. ಆ ಕಾಲದ ನಿಯಮದಂತೆ ಮಹಿಳಾ ಲ್ಯಾಕ್ರೋಸ್‌ಗೆ ಪ್ರತಿ ವಿಶ್ವವಿದ್ಯಾಲಯ ಕೊಡಬಹುದಾಗಿದ್ದ ಪೂರ್ಣ ವಿದ್ಯಾರ್ಥಿವೇತನಗಳು ಹನ್ನೆರಡು ಮಾತ್ರ. ಅದನ್ನು ಮೂವತ್ತು ಮಂದಿಗೆ ಹಂಚಿಕೊಳ್ಳಬೇಕು, ಶ್ರೀಮಂತರಿಗೂ ಬಡವರಿಗೂ ಅದೇ ಲೆಕ್ಕ. ಅಷ್ಟೇ ವಿದ್ಯಾರ್ಥಿವೇತನವನ್ನು ಮೇರಿಲ್ಯಾಂಡ್ ಅಥವಾ ವರ್ಜೀನಿಯಾ ಕೊಡಲು ಸಿದ್ಧವಿರುವಾಗ, ಮನೆಯ ಹತ್ತಿರದ ಚಾಂಪಿಯನ್ ತಂಡವನ್ನು ಬಿಟ್ಟು, ಇನ್ನೂ ಒಂದು ಪಂದ್ಯವನ್ನೂ ಆಡದ ತಂಡಕ್ಕಾಗಿ ಇಲಿನಾಯ್ ರಾಜ್ಯದ ಹಿಮಗಾಳಿಗೆ ಯಾವ ಹುಡುಗಿ ಬರುತ್ತಾಳೆ? ಕ್ಯಾಂಪಸ್ಸಿನಲ್ಲಿ ಓಡುತ್ತಿದ್ದವರನ್ನು ತಡೆದು ನಿಲ್ಲಿಸಿ ಕೇಳಬೇಕಾಗಿ ಬಂದದ್ದು ಅದಕ್ಕೇ. ಅದು ತತ್ವವಲ್ಲ, ಅನಿವಾರ್ಯತೆ.

ಸಿಂಹಾಸನ ಖಾಲಿಯಾಗಿತ್ತು ಎನ್ನುವುದು ನಿಜ. ಆದರೆ ಅದು ಎಲ್ಲರಿಗೂ ಖಾಲಿಯಾಗಿತ್ತಲ್ಲವೇ? ಪ್ರಿನ್ಸ್‌ಟನ್, ವರ್ಜೀನಿಯಾ ಎರಡೂ ಅದರ ಮೇಲೆ ಕುಳಿತು ಎದ್ದವು. ಬಿಡದೆ ಕುಳಿತವರು ಇವರೊಬ್ಬರೇ.

ಪೀಟಿ ಮಾಸ್ತರ:

ಧಾರವಾಡ ಜಿಲ್ಲೆಯ ಹೈಸ್ಕೂಲಿನಲ್ಲಿ ಇಪ್ಪತ್ತೇಳು ವರ್ಷ ಖೋ-ಖೋ ಮತ್ತು ಕಬಡ್ಡಿ ಕಲಿಸಿ ನಿವೃತ್ತನಾಗಿದ್ದೇನೆ. ಲ್ಯಾಕ್ರೋಸ್ ಕಂಡವನಲ್ಲ, ಆದರೆ ಆಟವೇ ಗೊತ್ತಿಲ್ಲದವರನ್ನು ಕರೆದುಕೊಂಡು ಬಂದು ಆಟಗಾರರನ್ನಾಗಿ ಮಾಡುವುದರ ಬಗ್ಗೆ ಮಾತಾಡುವ ಅಧಿಕಾರ ನನಗೆ ಸ್ವಲ್ಪ ಇದೆಯೆಂದು ಭಾವಿಸುತ್ತೇನೆ.

ಎಂಟನೆಯ ಇಯತ್ತೆಗೆ ಹೊಸದಾಗಿ ಬರುವ ಮಕ್ಕಳಲ್ಲಿ ಎರಡು ನಮೂನೆ. ಊರಿನಲ್ಲಿ ಅಣ್ಣಂದಿರ ಜೊತೆ ಆಡಿ ಆಡಿ ಒಂದು ಚಾಳಿ ಬೆಳೆಸಿಕೊಂಡು ಬಂದವರು ಒಂದು ನಮೂನೆ, ಏನೂ ಗೊತ್ತಿಲ್ಲದೆ ಬರೀ ಗಟ್ಟಿ ಕಾಲು ತೆಗೆದುಕೊಂಡು ಬಂದವರು ಇನ್ನೊಂದು. ಮೊದಲನೆಯವರು ಮೊದಲ ಆರು ತಿಂಗಳು ಮುಂದಿರುತ್ತಾರೆ. ಆದರೆ ಕಂಬದ ಹತ್ತಿರ ತಿರುಗುವಾಗ ಎಡಗಾಲು ಮೊದಲಿಡುವ ಚಾಳಿ ಒಮ್ಮೆ ಮೈಗೆ ಹತ್ತಿಬಿಟ್ಟರೆ, ಅದನ್ನು ಬಿಡಿಸಲು ನನಗೆ ಎರಡು ವರ್ಷ ಬೇಕಾದದ್ದುಂಟು. ಎರಡನೆಯವರು ಹೇಳಿದ್ದನ್ನು ಹೇಳಿದಂತೆ ಮಾಡುತ್ತಾರೆ, ಏಕೆಂದರೆ ಅವರಿಗೆ ಬೇರೆ ಗೊತ್ತೇ ಇರುವುದಿಲ್ಲ. ಹೊಸ ರೀತಿಯ ಆಟವನ್ನು ಕಟ್ಟಬೇಕೆಂದಿದ್ದ ಆ ಕೋಚಮ್ಮನಿಗೆ, ಹಳೆಯ ರೀತಿ ಗೊತ್ತಿಲ್ಲದವರು ಸಿಕ್ಕದ್ದು ಕೊರತೆಯಲ್ಲ, ಅನುಕೂಲವೇ ಆಗಿರಬೇಕು.

ಒಂದು ಎಚ್ಚರಿಕೆಯ ಮಾತನ್ನೂ ಹೇಳುತ್ತೇನೆ. ಅವಳಿ ಸಹೋದರಿಯರ ಕಥೆ ಕೇಳಲು ಸೊಗಸಾಗಿದೆ, ಅದಕ್ಕೇ ಎಲ್ಲರೂ ಅದನ್ನೇ ಹೇಳುತ್ತಾರೆ. ಹಾಗೆ ಕರೆತಂದವರಲ್ಲಿ ಎಷ್ಟು ಮಂದಿ ಒಂದು ಚಳಿಗಾಲ ಬೆವರು ಸುರಿಸಿ, ಒಂದು ಪಂದ್ಯವನ್ನೂ ಆಡದೆ ಬಿಟ್ಟುಹೋದರು ಎಂಬುದನ್ನು ಯಾರೂ ಬರೆಯುವುದಿಲ್ಲ. ನನ್ನಲ್ಲಿಯೂ ಹತ್ತರಲ್ಲಿ ಏಳು ಮಂದಿ ಹಾಗೆಯೇ ಹೋದರು. ತಪ್ಪು ಅವರದಲ್ಲ.

ಕೊಡಗಿನ ಹಾಕಿ:

ಮಾಸ್ತರರ ಮಾತಿಗೆ ನನ್ನದೊಂದು ಸೇರ್ಪಡೆ. ಗಟ್ಟಿ ಕಾಲಿದ್ದರೆ ಸಾಕು ಎನ್ನುವುದು ಬರಿಗೈಯಲ್ಲಿ ಆಡುವ ಆಟಕ್ಕೆ ಹೊಂದುತ್ತದೆ, ಸ್ಟಿಕ್ ಹಿಡಿಯುವ ಆಟಕ್ಕೆ ಹೊಂದುವುದಿಲ್ಲ. ನಮ್ಮ ಹಾಕಿಯಲ್ಲಿ ಸ್ಟಿಕ್ಕಿನ ಒಂದೇ ಮುಖದಿಂದ ಚೆಂಡು ಮುಟ್ಟಬೇಕು, ಅಷ್ಟನ್ನು ಕಲಿಯುವುದಕ್ಕೇ ಮಗು ಮೂರು ವರ್ಷ ತೆಗೆದುಕೊಳ್ಳುತ್ತದೆ. ಹತ್ತೊಂಬತ್ತರ ಹುಡುಗಿಗೆ ಸ್ಟಿಕ್ ಕಲಿಸಿ ಮೂರ್ನಾಲ್ಕು ವರ್ಷದಲ್ಲಿ ರಾಷ್ಟ್ರೀಯ ಫೈನಲ್ ತಂಡಕ್ಕೆ ತಂದಿದ್ದಾರೆಂದರೆ ದಿನಕ್ಕೆ ಎಷ್ಟು ಗಂಟೆ ಗೋಡೆಗೆ ಚೆಂಡು ಹೊಡೆಸಿರಬೇಕು!

ನನಗೆ ಕುತೂಹಲವಿರುವುದು ಹನ್ನೊಂದು ವರ್ಷಗಳ ಬಗ್ಗೆ. ಒಂದು ಆಟದಲ್ಲಿ ಸತತವಾಗಿ ಗೆಲ್ಲುತ್ತಿದ್ದವರು ಒಮ್ಮೆಲೇ ನಿಂತುಹೋದರೆ, ಬದಲಾದದ್ದು ಅವರೋ ಆಟವೋ ಎಂದು ಮೊದಲು ನೋಡಬೇಕು. ಹುಲ್ಲಿನ ಮೈದಾನದಲ್ಲಿ ಜಗತ್ತನ್ನು ಆಳಿದ್ದ ಭಾರತದ ಹಾಕಿ, 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಕೃತಕ ಹಾಸು ಬಂದಾಗ ಕುಸಿಯಿತು. ನಮ್ಮ ಹುಡುಗರ ಕೈಚಳಕ ರಾತ್ರೋರಾತ್ರಿ ಮಾಯವಾಗಿರಲಿಲ್ಲ, ಕಾಲ ಕೆಳಗಿನ ನೆಲ ಬೇರೆಯಾಗಿತ್ತು. ಲ್ಯಾಕ್ರೋಸ್‌ನಲ್ಲಿಯೂ ಅಂಥದ್ದೇನಾದರೂ ಆಯಿತೇ, ಬಲ್ಲವರು ಹೇಳಬೇಕು.

ಬಾಲ್ಟಿಮೋರ್ ಕನ್ನಡತಿ:

ಆಯಿತು. ಸರಿಯಾದ ಜಾಗಕ್ಕೇ ಕೈ ಹಾಕಿದ್ದೀರಿ.

2005ರಿಂದ 2012ರ ನಡುವಿನ ಆಟದಲ್ಲಿ ಒಂದು ತಂಡ ಚೆಂಡನ್ನು ಎಷ್ಟು ಹೊತ್ತು ಇಟ್ಟುಕೊಳ್ಳಬಹುದು ಎಂಬುದಕ್ಕೆ ಸಮಯದ ಮಿತಿ ಇರಲಿಲ್ಲ. ಮುನ್ನಡೆ ಪಡೆದ ತಂಡವು ಎದುರಾಳಿಯ ಗೋಲಿನ ಹಿಂದೆ ಮುಂದೆ ಚೆಂಡನ್ನು ಹಂಚಿಕೊಳ್ಳುತ್ತಾ ಐದು ನಿಮಿಷ ಕಳೆದರೂ ಕೇಳುವವರಿರಲಿಲ್ಲ. ನಾರ್ತ್‌ವೆಸ್ಟರ್ನ್‌ನ ಕೆಲವು ಫೈನಲ್‌ಗಳ ಗೋಲುಗಳನ್ನೇ ನೋಡಿ: 2006ರಲ್ಲಿ ಡಾರ್ಟ್‌ಮತ್ ಎದುರು 7–4, 2011ರಲ್ಲಿ 8–7, 2012ರಲ್ಲಿ 8–6. ಎದುರಾಳಿಯನ್ನು ಇಡೀ ಮೈದಾನದಲ್ಲಿ ಬೆನ್ನಟ್ಟಿ ಚೆಂಡು ಕಸಿಯುವುದು, ಕಸಿದ ಮೇಲೆ ಅವಸರವಿಲ್ಲದೆ ಇಟ್ಟುಕೊಳ್ಳುವುದು ಆ ಕಾಲಕ್ಕೆ ಹೇಳಿ ಮಾಡಿಸಿದ ರೀತಿ. (2009ರ 21–7 ಇದಕ್ಕೆ ಹೊರತು ಎಂದು ಅಂಕಿಸಂಖ್ಯೆಯವರು ಹೇಳುವ ಮುಂಚೆ ನಾನೇ ಹೇಳಿಬಿಡುತ್ತೇನೆ.) 2017ರಲ್ಲಿ 90 ಸೆಕೆಂಡುಗಳ ಗಡಿಯಾರ ಬಂದಿತು, ಅಷ್ಟರೊಳಗೆ ಗೋಲಿಗೆ ಹೊಡೆಯಲೇಬೇಕು. ಅದುವರೆಗೆ ಅಂಪೈರ್ ಸೀಟಿ ಊದಿದರೆ ಎಲ್ಲರೂ ನಿಂತಲ್ಲೇ ನಿಲ್ಲಬೇಕಿತ್ತು. 2018ರಲ್ಲಿ ಅದೂ ಹೋಯಿತು, ಆಟ ಸೀಟಿಯ ನಂತರವೂ ಹರಿಯತೊಡಗಿತು. 2022ರಲ್ಲಿ ಎರಡು ಅರ್ಧಗಳ ಬದಲು ನಾಲ್ಕು ಕ್ವಾರ್ಟರ್‌ಗಳಾದವು. ಒಟ್ಟಿನಲ್ಲಿ ತಡೆದು ಗೆಲ್ಲುವ ಆಟ ಹೊಡೆದು ಗೆಲ್ಲುವ ಆಟವಾಯಿತು.

ಮೈದಾನದ ಹೊರಗೂ ನೆಲ ಬದಲಾಯಿತು. ಕಾಲೇಜು ಕೋಚ್‌ಗಳು ಎಂಟು, ಒಂಬತ್ತನೆಯ ತರಗತಿಯ ಮಕ್ಕಳಿಂದಲೇ ಬಾಯಿಮಾತಿನ ಒಪ್ಪಿಗೆ ಪಡೆದುಕೊಳ್ಳುವ ಕಾಲ ಬಂತು. ನಮ್ಮ ಬೀದಿಯ ಹುಡುಗಿಯೊಬ್ಬಳು ಹಲ್ಲಿಗೆ ತಂತಿ ಕಟ್ಟಿಸಿಕೊಂಡಿದ್ದಾಗಲೇ ಅವಳ ಕಾಲೇಜು ನಿರ್ಧಾರವಾಗಿತ್ತೆಂದರೆ ನಂಬಿ. ಹದಿನೆಂಟರ ಹರೆಯದ, ಆಟವೇ ಗೊತ್ತಿಲ್ಲದ ಓಟಗಾರ್ತಿಯನ್ನು ಗುರುತಿಸುವ ಕಣ್ಣಿಗೆ ಅಂಥ ಮಾರುಕಟ್ಟೆಯಲ್ಲಿ ಬೆಲೆ ಎಲ್ಲಿಂದ? 2017ರ ಏಪ್ರಿಲ್‌ನಲ್ಲಿ ಇದಕ್ಕೆ ಕಡಿವಾಣ ಬಿತ್ತು. ಹನ್ನೊಂದನೆಯ ತರಗತಿಯ ಸೆಪ್ಟೆಂಬರ್ 1ಕ್ಕೆ ಮೊದಲು ಕೋಚ್ ವಿದ್ಯಾರ್ಥಿನಿಯೊಂದಿಗೆ ಈ ಬಗ್ಗೆ ಮಾತನಾಡುವಂತಿಲ್ಲ ಎಂಬ ನಿಯಮವಾಯಿತು.

ಮೂರನೆಯ ಕಾರಣ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ಅವರ ರಹಸ್ಯ ಬಯಲಾಗಿತ್ತು, ಬಯಲು ಮಾಡಿದವರು ಅವರ ಶಿಷ್ಯೆಯರೇ. 2005, 2006ರ ತಂಡದ ಲಿಂಡ್ಸಿ ಮುಂಡೆ ಸದರ್ನ್ ಕ್ಯಾಲಿಫೋರ್ನಿಯಾದಲ್ಲಿ ಸೊನ್ನೆಯಿಂದ ತಂಡ ಕಟ್ಟಿದರು. ಆಸ್ಟ್ರೇಲಿಯಾದ ಅಡಿಲೇಡ್‌ನಿಂದ ಬಂದು 2008, 2009ರಲ್ಲಿ ಟೆವಾರಟನ್ ಗೆದ್ದ ಹ್ಯಾನಾ ನೀಲ್ಸನ್ ಮಿಷಿಗನ್‌ನ ಕೋಚ್ ಆದರು. 2011ರ ಟೆವಾರಟನ್ ವಿಜೇತೆ ಶಾನನ್ ಸ್ಮಿತ್ ಹಾಫ್‌ಸ್ಟ್ರಾಗೆ ಹೋದರು. ಈಗ ಮಿಷಿಗನ್, ಸದರ್ನ್ ಕ್ಯಾಲಿಫೋರ್ನಿಯಾ ಎರಡೂ ನಾರ್ತ್‌ವೆಸ್ಟರ್ನ್ ಇರುವ ಬಿಗ್ ಟೆನ್ ಕಾನ್ಫರೆನ್ಸ್‌ನಲ್ಲೇ ಇವೆ, ಅಂದರೆ ಗುರುವಿನ ಎದುರಿಗೇ ನಿಲ್ಲುತ್ತವೆ.

ಸುಮ್ಮನೆ ಓದುವವ:

ಈಗ ಆಟ ಅರ್ಥವಾಗುತ್ತಿದೆ, ಧನ್ಯವಾದ. ಹಿಂದೊಮ್ಮೆ ಹವಾಯಿ ಚಪ್ಪಲಿ ಹಾಕಿಕೊಂಡು ಅಮೆರಿಕದ ಅಧ್ಯಕ್ಷರನ್ನು ನೋಡಲು ಹೋದ ಹುಡುಗಿಯರ ಸುದ್ದಿ ಓದಿದ ನೆನಪು. ಅದು ಇದೇ ತಂಡವೇ?

ಇವಾನ್‌ಸ್ಟನ್ ವಾಸಿ:

ಹೌದು, ಇದೇ ತಂಡ. 2005ರ ಗೆಲುವಿನ ನಂತರ ಶ್ವೇತಭವನಕ್ಕೆ ಆಹ್ವಾನವಿತ್ತು. ಅಧ್ಯಕ್ಷ ಜಾರ್ಜ್ ಡಬ್ಲ್ಯು. ಬುಷ್ ಜೊತೆ ತೆಗೆಸಿಕೊಂಡ ಚಿತ್ರದ ಮುಂದಿನ ಸಾಲಿನಲ್ಲಿ ಕೆಲವರು ಚಪ್ಪಲಿಯಲ್ಲಿ ನಿಂತಿದ್ದರು. ಷಿಕಾಗೊ ಪತ್ರಿಕೆಯಲ್ಲಿ ಅದು ಸುದ್ದಿಯಾಯಿತು, ಆಮೇಲೆ ಇಡೀ ದೇಶವೇ ಮೂಗು ಮುರಿಯಿತು. ಒಂದೂ ಪಂದ್ಯ ಸೋಲದೆ ಗೆದ್ದದ್ದಕ್ಕಿಂತ ಹೆಚ್ಚು ಕಾಗದ ಆ ಚಪ್ಪಲಿಗಳಿಗೆ ಖರ್ಚಾಯಿತೆಂದು ತೋರುತ್ತದೆ. ಹುಡುಗಿಯರು ಕೊನೆಗೆ ಅದೇ ಚಪ್ಪಲಿಗಳನ್ನು ಹರಾಜು ಹಾಕಿ, ಮೆದುಳಿನ ಗೆಡ್ಡೆಯಿಂದ ನರಳುತ್ತಿದ್ದ ಪುಟ್ಟ ಹುಡುಗಿಯೊಬ್ಬಳ ಹೆಸರಿನಲ್ಲಿ ಹಣ ಕೂಡಿಸಿದರು. ಆ ಹುಡುಗಿಯನ್ನು ತಂಡ ಮೊದಲೇ ತನ್ನವಳೆಂದು ಹಚ್ಚಿಕೊಂಡಿತ್ತು.

ಅಂಕಿಸಂಖ್ಯೆ:

ಬಾಲ್ಟಿಮೋರ್ ಮೇಡಂ ಅವರ ವಿವರಣೆಯ ನಂತರ ನನ್ನ ವಾದದ ಅರ್ಧ ಭಾಗವನ್ನು ಹಿಂತೆಗೆದುಕೊಳ್ಳುತ್ತೇನೆ. ಉಳಿದರ್ಧ ಉಳಿದಿದೆ. 2023ರ ಗೆಲುವನ್ನು ಕೋಚ್‌ನ ಮರುಹುಟ್ಟು ಎನ್ನುತ್ತಿದ್ದೀರಿ, ನನಗೆ ಅದು ಇಝಿ ಸ್ಕೇನ್ ಎಂಬ ಒಬ್ಬ ಅಸಾಮಾನ್ಯ ಆಟಗಾರ್ತಿಯ ಗೆಲುವಾಗಿ ಕಾಣುತ್ತದೆ. ಮೊಣಕಾಲಿನ ಗಾಯದಿಂದ 2022ರಲ್ಲಿ ಆಡದಿದ್ದ ಆಕೆ 2023ರಲ್ಲಿ ಮರಳಿದರು, ತಂಡ ಫೈನಲ್‌ನಲ್ಲಿ ಬಾಸ್ಟನ್ ಕಾಲೇಜನ್ನು 18–6ರಿಂದ ಸೋಲಿಸಿತು. 2023, 2024 ಎರಡೂ ವರ್ಷ ಟೆವಾರಟನ್ ಆಕೆಗೇ. ಕಾಲೇಜು ಮುಗಿಸುವಾಗ ಆಕೆಯ ಒಟ್ಟು ಗೋಲುಗಳು 376, ಅದು ರಾಷ್ಟ್ರೀಯ ದಾಖಲೆ. ಅಂಥವರೊಬ್ಬರು ಇದ್ದರೆ ಯಾರು ಕೋಚ್ ಆಗಿದ್ದರೂ ಗೆಲ್ಲುತ್ತಿದ್ದರೇನೋ.

ಹಾಗೆಯೇ ಸೋಲುಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. 2021ರಲ್ಲಿ ಅಜೇಯವಾಗಿ ಸೆಮಿಫೈನಲ್‌ಗೆ ಬಂದು ಸಿರಕ್ಯೂಸ್ ಎದುರು 21–13ರಿಂದ ಸೋತರು. ಆ ಸಿರಕ್ಯೂಸ್‌ನ ಕೋಚ್ ಗ್ಯಾರಿ ಗೇಟ್, ಮೇಡಂ ಹೇಳಿದ ಅದೇ ಗೇಟ್. 2022ರ ಸೆಮಿಫೈನಲ್‌ನಲ್ಲಿ ಕೊನೆಯ ಕ್ವಾರ್ಟರ್‌ವರೆಗೂ ಇದ್ದ ದೊಡ್ಡ ಮುನ್ನಡೆಯನ್ನು ಕೈಚೆಲ್ಲಿ ನಾರ್ತ್ ಕ್ಯಾರೊಲೈನಾಗೆ 15–14ರಿಂದ ಬಿಟ್ಟುಕೊಟ್ಟರು. 2024ರ ಫೈನಲ್‌ನಲ್ಲಿ ಬಾಸ್ಟನ್ ಕಾಲೇಜಿನ ವಿರುದ್ಧ 6–0 ಮುಂದಿದ್ದವರು 14–13ರಿಂದ ಸೋತರು. 2025ರ ಫೈನಲ್ ಕೂಡ ನಾರ್ತ್ ಕ್ಯಾರೊಲೈನಾ ಪಾಲಾಯಿತು, 12–8. ದೊಡ್ಡ ಮುನ್ನಡೆಯನ್ನು ಎರಡೆರಡು ಸಲ ಕಳೆದುಕೊಂಡದ್ದರಲ್ಲಿ ಕೋಚ್‌ನ ಪಾಲು ಏನೂ ಇಲ್ಲವೇ?

ಇವಾನ್‌ಸ್ಟನ್ ವಾಸಿ:

ಇದೆ, ಖಂಡಿತ ಇದೆ. 2022ರ ಆ ಪಂದ್ಯವನ್ನು ನಾನು ಪರದೆಯ ಮೇಲೆ ನೋಡಿದ್ದೆ. ಒಂದರ ಹಿಂದೊಂದು ಡ್ರಾ ಕೈತಪ್ಪುತ್ತಿರುವಾಗ ಆಟದ ಹರಿವನ್ನು ತಡೆಯುವ ಉಪಾಯ ಅಂಚಿನ ಗೆರೆಯಿಂದ ಬರಲಿಲ್ಲ ಎಂದೇ ನನಗೂ ಅನಿಸಿತು. ಅದನ್ನು ಮುಚ್ಚಿಟ್ಟುಕೊಳ್ಳಬೇಕಾಗಿಲ್ಲ.

ಆದರೆ ಸ್ಕೇನ್ ಇದ್ದರೆ ಯಾರು ಬೇಕಾದರೂ ಗೆಲ್ಲುತ್ತಿದ್ದರು ಎಂಬುದನ್ನು ಒಪ್ಪುವುದಿಲ್ಲ. ಮೊದಲನೆಯದಾಗಿ, ಸ್ಕೇನ್ ಈ ಆಟ ಬೇರೂರಿದ ಮೇರಿಲ್ಯಾಂಡಿನವರೂ ಅಲ್ಲ, ನ್ಯೂಯಾರ್ಕಿನ ಲಾಂಗ್ ಐಲ್ಯಾಂಡಿನವರೂ ಅಲ್ಲ, ಮಿಷಿಗನ್ ರಾಜ್ಯದವರು. 2002ರಲ್ಲಿ ಲ್ಯಾಕ್ರೋಸ್ ನಕ್ಷೆಯಲ್ಲೇ ಇರದಿದ್ದ ಈ ಭಾಗದಲ್ಲಿ ಅಂಥ ಹುಡುಗಿ ಬೆಳೆದು ನಾರ್ತ್‌ವೆಸ್ಟರ್ನ್ ಸೇರಬೇಕಾದರೆ, ಇಪ್ಪತ್ತು ವರ್ಷಗಳ ಹಿಂದಿನ ಆ ಗೆಲುವುಗಳು ಇಲ್ಲಿನ ಶಾಲೆಗಳಲ್ಲಿ ಆಟದ ಬೀಜ ಬಿತ್ತಿರಬೇಕು. ಎರಡನೆಯದಾಗಿ, ಆಕೆ ಇಲ್ಲದ 2022ರಲ್ಲಿಯೂ ಅದೇ ತಂಡ ಸೆಮಿಫೈನಲ್‌ನಲ್ಲಿ ಒಂದೇ ಗೋಲಿನಿಂದ ಸೋತದ್ದನ್ನು ನೀವೇ ಬರೆದಿದ್ದೀರಿ. ಆಕೆ ಪದವಿ ಮುಗಿಸಿ ಹೋದ ಮರುವರ್ಷ, 2025ರಲ್ಲಿ, ಮ್ಯಾಡಿಸನ್ ಟೇಲರ್ ಒಂದೇ ಋತುವಿನಲ್ಲಿ 109 ಗೋಲು ಹೊಡೆದು ಹೊಸ ರಾಷ್ಟ್ರೀಯ ದಾಖಲೆ ಬರೆದರು. ಎಂದರೆ ಒಬ್ಬರು ಹೋದರೆ ಇನ್ನೊಬ್ಬರು ಹೊಡೆಯುವ ವ್ಯವಸ್ಥೆಯನ್ನೇ ಕಟ್ಟಿಟ್ಟಿದ್ದಾರೆ. 8–6ರಿಂದ ಫೈನಲ್ ಗೆಲ್ಲುತ್ತಿದ್ದ ಕೋಚ್ ಈಗ 18–6ರಿಂದ ಗೆಲ್ಲುತ್ತಿದ್ದಾರೆ. ತನ್ನ ಕೈಯಾರೆ ಕಟ್ಟಿದ ರೀತಿಯನ್ನು ತಾನೇ ಕೆಡವಿ ಇನ್ನೊಂದನ್ನು ಕಟ್ಟುವುದು ಐವತ್ತರ ಹೊಸ್ತಿಲಿನಲ್ಲಿರುವವರಿಗೆ ಸುಲಭವಲ್ಲ. ಮಾಸ್ತರರು ಹೇಳಿದ ಎಡಗಾಲಿನ ಚಾಳಿ ಕೋಚ್‌ಗಳಿಗೂ ಇರುತ್ತದೆ.

ಈ ವಸಂತದಲ್ಲಿ ಮಗಳನ್ನು ಕರೆದುಕೊಂಡು ಒಂದು ಪಂದ್ಯಕ್ಕೆ ಹೋಗಿದ್ದೆ. ಮಾರ್ಟಿನ್ ಕ್ರೀಡಾಂಗಣ ಸರೋವರಕ್ಕೆ ಅಂಟಿಕೊಂಡಂತೆಯೇ ಇದೆ. ಏಪ್ರಿಲ್ ಆಗಿದ್ದರೂ ನೀರಿನ ಮೇಲಿಂದ ಬರುವ ಗಾಳಿಗೆ ಕಿವಿ ಮರಗಟ್ಟುತ್ತಿತ್ತು. ಪಂದ್ಯಕ್ಕೆ ಮುಕ್ಕಾಲು ಗಂಟೆ ಮೊದಲೇ ಹುಡುಗಿಯರು ಇಬ್ಬಿಬ್ಬರಾಗಿ ನಿಂತು ಪಾಸ್ ಮಾಡುತ್ತಿದ್ದರು. ಎಡಗೈಯಲ್ಲಿ ಹಿಡಿದು ಎಡಗೈಯಲ್ಲೇ ಎಸೆಯುವುದು, ಹತ್ತು ಹೆಜ್ಜೆ ಹಿಂದಕ್ಕೆ ಸರಿದು ಮತ್ತೆ ಅದೇ. ಗಾಳಿ ಚೆಂಡನ್ನು ಒಂದು ಗೇಣು ಆಚೆ ತಳ್ಳಿದರೆ ಸ್ಟಿಕ್ ತಾನಾಗಿಯೇ ಅಷ್ಟೇ ಆಚೆ ಹೋಗುತ್ತಿತ್ತು. ಮಗಳು ಒಂದು ಮಾತೂ ಆಡದೆ ತನ್ನ ಎಡ ಮಣಿಕಟ್ಟನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದಳು.

ಕೊಡಗಿನ ಹಾಕಿ:

ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿತು. ಕೃತಕ ಹಾಸಿನ ಮೈದಾನಕ್ಕೆ ಹೊಂದಿಕೊಳ್ಳಲು ನಮ್ಮ ಹಾಕಿಗೆ ಹನ್ನೊಂದಲ್ಲ, ನಲವತ್ತು ವರ್ಷ ಬೇಕಾಯಿತು. ನನ್ನ ಮತ ಇವಾನ್‌ಸ್ಟನ್ ಅವರ ಕಡೆಗೆ.

ಒಂದು ವಿಷಯ ಯಾರೂ ಹೇಳಲಿಲ್ಲ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಲ್ಯಾಕ್ರೋಸ್ ಸೇರಿಸುವ ತೀರ್ಮಾನವಾದದ್ದು 2023ರ ಅಕ್ಟೋಬರ್‌ನಲ್ಲಿ, ನಮ್ಮ ಮುಂಬೈಯಲ್ಲಿ ನಡೆದ ಒಲಿಂಪಿಕ್ ಸಮಿತಿಯ ಅಧಿವೇಶನದಲ್ಲಿ. ಅದೇ ದಿನ ಕ್ರಿಕೆಟ್ ಕೂಡ ಸೇರಿದ್ದರಿಂದ ನಮ್ಮ ಪತ್ರಿಕೆಗಳಲ್ಲಿ ಉಳಿದ ಆಟಗಳ ಹೆಸರು ಕೊನೆಯ ಸಾಲಿಗೆ ಹೋಯಿತು.

ಬಾಲ್ಟಿಮೋರ್ ಕನ್ನಡತಿ:

ಅಲ್ಲಿ ಆಡುವುದು ಒಂದು ಕಡೆಗೆ ಆರೇ ಮಂದಿಯ, ಚಿಕ್ಕ ಮೈದಾನದ ಆಟ. ಹನ್ನೆರಡು ಮಂದಿಯ ಕಾಲೇಜು ಆಟಕ್ಕಿಂತ ಅದರ ಓಟವೇ ಬೇರೆ. ಅದನ್ನು ಬೇರೆ ಎಳೆಯಲ್ಲಿ ಚರ್ಚಿಸೋಣ, ಇಲ್ಲಿ ಬೆರೆಸುವುದು ಬೇಡ.

ಪೀಟಿ ಮಾಸ್ತರ:

ಇವಾನ್‌ಸ್ಟನ್ ಅವರೇ, ಇಷ್ಟೆಲ್ಲ ಬರೆದಿರಿ, ಹುಡುಗಿಯ ಸುದ್ದಿಯನ್ನೇ ಹೇಳಲಿಲ್ಲ. ತಡವಾಯಿತೆಂದು ವಾಪಸು ಕಳುಹಿಸಿದರಲ್ಲ, ಆಮೇಲೆ ಏನು ಮಾಡಿದಿರಿ? ದಿನಕ್ಕೆ ಎಷ್ಟು ಹೊತ್ತು ಅಭ್ಯಾಸ ಮಾಡುತ್ತಾಳೆ?

ಇವಾನ್‌ಸ್ಟನ್ ವಾಸಿ:

ಮಾಸ್ತರರೇ, ಬೇರೊಂದು ಚಿಕ್ಕ ಕ್ಲಬ್ಬಿನಲ್ಲಿ ಸೇರಿಸಿಕೊಂಡರು. ಸದ್ಯಕ್ಕೆ ರಕ್ಷಣೆಯ ಸಾಲಿನಲ್ಲಿ ನಿಲ್ಲಿಸಿದ್ದಾರೆ. ಓಟ ಚೆನ್ನಾಗಿದೆ, ಚೆಂಡು ಹಿಡಿಯುವುದು ಇನ್ನೂ ಬಲಗೈಯಲ್ಲಿ ಮಾತ್ರ. ದಿನವೂ ಸಂಜೆ ನಮ್ಮ ಗ್ಯಾರೇಜಿನ ಪಕ್ಕದ ಇಟ್ಟಿಗೆ ಗೋಡೆಗೆ ಬಲಗೈಯಲ್ಲಿ ಐವತ್ತು, ಎಡಗೈಯಲ್ಲಿ ನೂರು ಹೊಡೆಯುತ್ತಾಳೆ. ಲೆಕ್ಕ ಅವಳದ್ದೇ, ನಾನು ಹೇಳಿಕೊಟ್ಟದ್ದಲ್ಲ. ಎಡಗೈಯ ನೂರರಲ್ಲಿ ಹೋದ ತಿಂಗಳು ಮೂವತ್ತು ಬಲೆಗೆ ಮರಳುತ್ತಿದ್ದವು. ನಿನ್ನೆ ಐವತ್ತೆಂಟು. ಉಳಿದ ನಲವತ್ತೆರಡನ್ನು ಪಕ್ಕದ ಮನೆಯವರ ಗುಲಾಬಿ ಪಾತಿಯಿಂದ ಹೆಕ್ಕಿ ತರುವುದು ನನ್ನ ಕೆಲಸ.